ಕಲ್ಲು ಹಾಕಿ ಮಾಡಿದ ದ್ವೀಪ

ಏಡ್ರಿಯಾಟಿಕ್ ಕಡಲು ಮಾಂಟೆನೀಗ್ರೊ ದೇಶದ ಬೆಟ್ಟಗಳ ನಡುವೆ ಒಳನುಗ್ಗಿ ನಿಂತ ಜಾಗವೇ ಕೋಟರ್ ಕೊಲ್ಲಿ. ಬೆಳಿಗ್ಗೆ ದೋಣಿ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ವಾಪಸ್. ನೀರು ಅಲುಗದೆ ಮಲಗಿರುವ ದಿನ ಇದು ಕೆರೆಯೋ ಕಡಲೋ ಎಂಬ ಅನುಮಾನ. ತುಟಿಗೆ ತಾಗಿದ ಉಪ್ಪೇ ಸಾಕ್ಷಿ ಹೇಳಬೇಕು.

ಪೆರಾಸ್ಟ್ ಊರಿನೆದುರು ಎರಡು ಪುಟ್ಟ ದ್ವೀಪಗಳು. ಒಂದು ತಾನಾಗಿ ಹುಟ್ಟಿದ್ದು, ಇನ್ನೊಂದು ಮನುಷ್ಯರು ಮಾಡಿದ್ದು. 1452ರಲ್ಲಿ ಅಲ್ಲಿನ ಬಂಡೆಯ ಮೇಲೆ ಮೇರಿಮಾತೆಯ ಚಿತ್ರ ಸಿಕ್ಕಿತೆಂದು ಐತಿಹ್ಯ. ಅಲ್ಲಿಂದಾಚೆ, ಕ್ಷೇಮವಾಗಿ ಮರಳಿದ ನಾವಿಕರು ಒಂದೊಂದೇ ಕಲ್ಲು ಹಾಕುತ್ತ ಬಂದರು. ಹಳೆಯ ಹಡಗುಗಳಿಗೂ ಕಲ್ಲು ತುಂಬಿ ಮುಳುಗಿಸಿದರು. ಈಗಲೂ ಪ್ರತಿ ಜುಲೈ 22ರ ಸಂಜೆ ದೋಣಿಗಳು ಸಾಲುಗಟ್ಟಿ ಹೋಗಿ ಕಲ್ಲು ಸುರಿದು ಬರುತ್ತವೆ.

ದ್ವೀಪದ ಚರ್ಚಿನಲ್ಲಿ ಚಿತ್ರಗಳು, ಬೆಳ್ಳಿಯ ಹರಕೆ ತಗಡುಗಳು ಬೇಕಾದಷ್ಟಿವೆ. ನನ್ನ ಕಣ್ಣು ಮಾತ್ರ ಒಂದು ಕಸೂತಿಯ ಮೇಲೆ. ಕಡಲಿಗೆ ಹೋದವನ ದಾರಿ ಕಾಯುತ್ತ ಹೆಣ್ಣೊಬ್ಬಳು 25 ವರ್ಷ ಹೆಣೆದಳಂತೆ, ರೇಷ್ಮೆಯೆಳೆಯ ಜೊತೆ ತನ್ನದೇ ತಲೆಗೂದಲು ಸೇರಿಸಿ. ಬಟ್ಟೆಯ ಮೇಲಿನ ಪುಟ್ಟ ದೇವದೂತರಲ್ಲಿ ಕೆಲವರ ಕೂದಲು ಕಪ್ಪು. ಆಮೇಲೆ ಹೊಲಿದ ದೇವದೂತರದು ಪೂರ್ತಿ ನರೆತಿದೆ.

ಹೊರಗೆ ದೋಣಿಯವನು ಹಾರ್ನ್ ಹೊಡೆಯುತ್ತಿರುತ್ತಾನೆ.