ಎಲ್ಲಾ ಕಲ್ಲೂ ಒಂದೇ ಅಲ್ಲ

ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ಬಸ್ಸಲ್ಲಿ ನೇತಾಡ್ತಾ ಕೇಳ್ತಿರೋರಿಗೂ ಹಿರಿಯೂರಿನಿಂದ ನಮಸ್ಕಾರ. ಇವತ್ತಿನ ವಿಷಯ ಕಲ್ಲು. ನಗಬೇಡಿ, ಈ ಕಲ್ಲಿನಿಂದ ನಾನು ಅಪ್ಪನ ಕೈಲಿ ಬೈಸ್ಕೊಂಡಿದ್ದೀನಿ.

2022ರ ಮಳೆ ನೆನಪಿದೆಯಲ್ಲ? ನಮ್ಮ ವಾಣಿವಿಲಾಸ ಸಾಗರ 1933ರ ನಂತರ, ಅಂದ್ರೆ 89 ವರ್ಷ ಆದ್ಮೇಲೆ ಕೋಡಿ ಬಿತ್ತು. ಊರಿಗೆ ಊರೇ ಸೆಲ್ಫಿ ತಗೊಳ್ಳೋಕೆ ಓಡ್ತು. ನಮ್ಮ ತೆಂಗಿನ ತೋಟದ ತಗ್ಗಿನಲ್ಲಿ ಮಾತ್ರ ವಾರಗಟ್ಟಲೆ ನೀರು ನಿಂತಿತ್ತು. ಕಾಲುವೆ ತೋಡಿ, ಕಲ್ಲು ತುಂಬಿ, ನೀರು ಹೊರಗೆ ಹೋಗೋ ಹಾಗೆ ಮಾಡೋಣ ಅಂದ್ರು ಅಪ್ಪ. ಲೆಕ್ಕಾಚಾರ ನನ್ನ ಪಾಲಿಗೆ ಬಂತು. ಬಿ.ಕಾಂ. ಅಲ್ವಾ? ಲೋಡಿಗೆ ಯಾರು ಕಡಿಮೆ ರೇಟು ಹೇಳಿದ್ರೋ ಅವರ ಹತ್ರ ತರಿಸಿದೆ. ಎರಡು ಮಳೆಗಾಲ ಕಳೀತು. ನೀರು ಮತ್ತೆ ನಿಂತಿತು. ಅಗೆದು ನೋಡಿದ್ರೆ ಕಲ್ಲೇ ಇಲ್ಲ, ಬರೀ ಜೇಡಿ. "ದುಡ್ಡು ಕೊಟ್ಟು ಕೆಸರು ತಂದ್ಯಲ್ಲೋ" ಅಂದ್ರು ಅಪ್ಪ.

ನಮ್ದು ಒಂದು ತೋಟ, ಹೋಯ್ತು ಬಿಡಿ. ಇದೇ ತಪ್ಪು ಗಣಿಯಲ್ಲಿ ಆದ್ರೆ?

ನಮ್ಮ ಜಿಲ್ಲೆಯಲ್ಲಿ ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ಕಡೆ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಗಣಿಗಳಿವೆ. ಅದಿರು ತೆಗೆದ ಮೇಲೆ ಉಳಿಯೋ ಮಣ್ಣು-ಕಲ್ಲನ್ನ ಗುಡ್ಡದ ಹಾಗೆ ಸುರೀತಾರೆ, ಅದಕ್ಕೆ ಡಂಪ್ ಅಂತಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಮೊದಲು ಬಳ್ಳಾರಿ, ಆಮೇಲೆ ತುಮಕೂರು, ಚಿತ್ರದುರ್ಗದಲ್ಲಿ ಗಣಿಗಾರಿಕೆ ನಿಲ್ಲಿಸಿತ್ತು. ಮತ್ತೆ ಶುರು ಮಾಡ್ಬೇಕಾದ್ರೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಬೇಕು ಅಂತಾಯ್ತು. ಡಂಪ್ ಸುತ್ತ ಚರಂಡಿ, ಬುಡದಲ್ಲಿ ಕಲ್ಲಿನ ತಡೆಗೋಡೆ, ಹಳ್ಳಕ್ಕೆ ಚೆಕ್ ಡ್ಯಾಂ, ಇವೆಲ್ಲಾ ಅದರ ಭಾಗ.

ಡಂಪ್ ಒಳಗೆ ಇಳಿದ ನೀರು ಹೊರಗೆ ಬರೋಕೆ ದಾರಿ ಬೇಕು. ಆ ದಾರಿ ಅಂದ್ರೆ ದಪ್ಪ ಕಲ್ಲುಗಳ ನಡುವಿನ ಸಂದು. ಕಲ್ಲು ಪುಡಿಯಾದ್ರೆ ಸಂದು ಮುಚ್ಚುತ್ತೆ, ಒಳಗೆ ನೀರಿನ ಒತ್ತಡ ಏರುತ್ತೆ, ಕೊನೆಗೆ ಗುಡ್ಡವೇ ಜಾರಬಹುದು. ಜಾರಿದ್ದು ಹೋಗೋದು ಎಲ್ಲಿಗೆ? ಕೆಳಗಿರೋ ಹೊಲಕ್ಕೆ, ಕೆರೆಗೆ.

ಅದಕ್ಕೇ ಕಲ್ಲಿಗೂ ಪರೀಕ್ಷೆ ಇದೆ. ಮುಖ್ಯವಾಗಿ ಮೂರು.

ಒಂದು, ಪೆಟ್ಟು ತಡೆಯುತ್ತಾ? ಭಾರತೀಯ ಮಾನಕ 2386ರ ಪ್ರಕಾರ ಸುಮಾರು 14 ಕಿಲೋ ಸುತ್ತಿಗೆಯನ್ನ 380 ಮಿಲಿಮೀಟರ್ ಎತ್ತರದಿಂದ ಜಲ್ಲಿ ಮೇಲೆ 15 ಸಲ ಬೀಳಿಸ್ತಾರೆ. ಎಷ್ಟು ಪುಡಿಯಾಯ್ತು ಅಂತ ಜರಡಿ ಹಿಡಿದು ತೂಗ್ತಾರೆ. ಪುಡಿ ಕಡಿಮೆ ಇದ್ದಷ್ಟೂ ಒಳ್ಳೇದು.

ಎರಡು, ನೀರು ತಡೆಯುತ್ತಾ? ನಾನು ಸೋತಿದ್ದು ಇಲ್ಲೇ. ಒಣಗಿದಾಗ ಗಟ್ಟಿ ಕಾಣೋ ಕೆಲವು ಪದರಗಲ್ಲು, ನೆಂದು ಒಣಗಿ ನೆಂದು ಒಣಗಿ ಬಿಚ್ಕೊಳ್ಳುತ್ತೆ. ಲ್ಯಾಬಲ್ಲಿ 40ರಿಂದ 60 ಗ್ರಾಂ ತೂಕದ ಹತ್ತು ತುಂಡನ್ನ ಓವನ್ನಲ್ಲಿ ಒಣಗಿಸಿ, ಜಾಲರಿ ಡ್ರಮ್ಮಿಗೆ ಹಾಕಿ, ನೀರಲ್ಲಿ 10 ನಿಮಿಷ ತಿರುಗಿಸ್ತಾರೆ. ಮತ್ತೆ ಒಣಗಿಸಿ, ಮತ್ತೆ ತಿರುಗಿಸ್ತಾರೆ. 500 ಗ್ರಾಂ ಹಾಕಿದ್ದರಲ್ಲಿ 490 ಉಳಿದ್ರೆ 98%, ಭೇಷ್. 300 ಉಳಿದ್ರೆ 60%, ಅದು ನಮ್ಮ ತೋಟದ ಕಲ್ಲು ಅನ್ಕೊಳ್ಳಿ.

ಮೂರು, ಹರಿಯೋ ನೀರನ್ನ ಕೆಡಿಸುತ್ತಾ? ಚಿತ್ರದುರ್ಗದ ಪಕ್ಕ ಇಂಗಳದಾಳಿನಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿಯ ತಾಮ್ರದ ಗಣಿ ಇತ್ತು, ಈಗ ಮುಚ್ಚಿದೆ. ಅಂಥ ತಾಮ್ರದ ಅದಿರಿನ ಜೊತೆ ಪೈರೈಟ್ ಇರುತ್ತೆ. ಚಿನ್ನದ ಹಾಗೆ ಹೊಳೆಯುತ್ತೆ, ಆದ್ರೆ ಕಬ್ಬಿಣ ಮತ್ತು ಗಂಧಕ. ಗಾಳಿ, ನೀರು ಎರಡೂ ತಾಗಿದ್ರೆ ಗಂಧಕಾಮ್ಲ ಹುಟ್ಟುತ್ತೆ. ಆ ಆಮ್ಲ ಕಲ್ಲಲ್ಲಿರೋ ಲೋಹವನ್ನೂ ಕರಗಿಸಿ ನೀರಿಗೆ ಬಿಡುತ್ತೆ. ಇಂಥ ಕಲ್ಲು ಎಷ್ಟೇ ಗಟ್ಟಿ ಇದ್ರೂ ಚರಂಡಿಗೆ ಬೇಡ.

ಈ ಪರೀಕ್ಷೆಯ ಹೆಸರು ಕೇಳಿ ನನಗೆ ಖುಷಿಯಾಯ್ತು: ಆಸಿಡ್-ಬೇಸ್ ಅಕೌಂಟಿಂಗ್. ಥೇಟ್ ಜಮಾ-ಖರ್ಚು! ಒಂದು ಟನ್ ಕಲ್ಲಲ್ಲಿ 1% ಗಂಧಕ ಪೈರೈಟ್ ರೂಪದಲ್ಲಿದ್ರೆ, ಅದರ ಆಮ್ಲ ತೀರಿಸೋಕೆ 31.25 ಕಿಲೋ ಸುಣ್ಣದ ಕಲ್ಲಿನಷ್ಟು ಕ್ಷಾರ ಬೇಕು. ಆ ಕಲ್ಲಲ್ಲೇ ಅಷ್ಟು ಜಮಾ ಇಲ್ಲದಿದ್ರೆ ಉಳಿದ ಸಾಲ ಯಾರ ತಲೆ ಮೇಲೆ? ಕೆಳಗಿನ ಬಾವಿ ಮೇಲೆ.

ಐಮಂಗಲದ ಹತ್ತಿರ ಮರಡಿಹಳ್ಳಿ ಇದೆಯಲ್ಲ, ಅಲ್ಲಿ ನೀರಿನೊಳಗೆ ಉಕ್ಕಿ ದಿಂಬಿನಾಕಾರಕ್ಕೆ ಗಟ್ಟಿಯಾದ ಲಾವಾ ಇದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕೋಟಿಗಟ್ಟಲೆ ವರ್ಷ ನಿಂತಿರೋ ಕಲ್ಲು ಅದು. ಅದೇ ಜಿಲ್ಲೆಯಲ್ಲಿ ಎರಡು ಮಳೆಗೆ ಕರಗೋ ಕಲ್ಲೂ ಇದೆ. ದೂರದಿಂದ ನೋಡಿದ್ರೆ ಗೊತ್ತಾಗಲ್ಲ, ಟ್ರ್ಯಾಕ್ಟರ್ ರೇಟಲ್ಲಂತೂ ಗೊತ್ತಾಗೋದೇ ಇಲ್ಲ.

ನಿಮ್ಮೂರ ಪಕ್ಕ ಗಣಿ ಬರುತ್ತೆ, ದೊಡ್ಡದಾಗುತ್ತೆ ಅಂದ್ರೆ ಸಾರ್ವಜನಿಕ ಅಹವಾಲು ಸಭೆಗೆ ಹೋಗಿ. ಕೆಲಸ ಎಷ್ಟು ಜನಕ್ಕೆ ಅಂತ ಕೇಳಿ, ಖಂಡಿತ ಕೇಳಿ. ಜೊತೆಗೆ ಇನ್ನೂ ಮೂರು ಕೇಳಿ: ಚರಂಡಿ ಕಲ್ಲು ಎಲ್ಲಿಂದ ಬರುತ್ತೆ? ಪರೀಕ್ಷೆ ವರದಿ ಎಲ್ಲಿ? ಪ್ರತಿ ಮಳೆಗಾಲದ ನಂತರ ನೋಡೋರು ಯಾರು? ಉತ್ತರವನ್ನ ನಡಾವಳಿಯಲ್ಲಿ ಬರೆಸಿ.

ಅಂದ ಹಾಗೆ, ನಮ್ಮ ಕಾಲುವೆಗೆ ಈ ಸಲ ಬೇರೆ ಕಲ್ಲು. ತರಿಸೋ ಮುಂಚೆ ಹತ್ತು ತುಂಡನ್ನ ಬಕೆಟ್ಟಲ್ಲಿ ನೆನೆಸಿ, ಬಿಸಿಲಲ್ಲಿ ಒಣಗಿಸಿ, ವಾರವಿಡೀ ಅದನ್ನೇ ಮಾಡಿದೆ. ಇದು ಲ್ಯಾಬಿಗೆ ಸಮ ಅಲ್ಲ, ಗೊತ್ತು. ಅಪ್ಪ ದಿನಾ ಬಂದು ಬಕೆಟ್ ತಳ ಮುಟ್ಟಿ ನೋಡ್ತಿದ್ರು. ಏಳನೇ ದಿನ ಅವರ ಬೆರಳಿಗೆ ಕೆಸರು ಹತ್ತಲಿಲ್ಲ. "ಸರಿ, ತರ್ಸು" ಅಂದ್ರು.

ಮುಂದಿನ ವಾರ ಸಿಗೋಣ.