ಸಂಧಾನ ನಮ್ಮ ಪರಂಪರೆ, ಬರಹ ನಮ್ಮ ಹೊಣೆ

(ಜಮಾಅತ್ ಸಭೆಯೊಂದರಲ್ಲಿ ಮಾಡಿದ ಭಾಷಣದ ಸಾರ)



ದಂಪತಿಗಳಲ್ಲಿ ಬಿರುಕು ಮೂಡುವ ಭಯವಿದ್ದರೆ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂದು ಸೂರಃ ಅನ್ನಿಸಾ ಆದೇಶಿಸುತ್ತದೆ. ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮೇತ ಬರೆದಿಡಬೇಕೆಂದು ಸೂರಃ ಅಲ್‌ಬಕರಃ ಆದೇಶಿಸುತ್ತದೆ. ಮೊದಲನೆಯದನ್ನು ನೆನಪಿಟ್ಟ ನಾವು ಎರಡನೆಯದನ್ನು ಮರೆತಿದ್ದೇವೆ.

ಇಬ್ಬರು ಸಹೋದರರು ಪಾಲುದಾರಿಕೆಯಲ್ಲಿ ಅಂಗಡಿ ನಡೆಸುತ್ತಿದ್ದಾರೆಂದು ಭಾವಿಸೋಣ. ಒಬ್ಬರು ತೀರಿಕೊಳ್ಳುತ್ತಾರೆ. ವಿಧವೆಯು ಲೆಕ್ಕ ಕೇಳುತ್ತಾಳೆ. ಹಿರಿಯರು ಮಸೀದಿಯ ಅಂಗಳದಲ್ಲಿ ಕುಳಿತು ಬಾಯಿಮಾತಿನಲ್ಲಿ ಮೊತ್ತವೊಂದನ್ನು ನಿಶ್ಚಯಿಸುತ್ತಾರೆ. ಎರಡು ಕಂತು ಬರುತ್ತದೆ, ಮೂರನೆಯದು ಬರುವುದಿಲ್ಲ. 'ಅಂಥ ತೀರ್ಮಾನವೇ ಆಗಿಲ್ಲ' ಎಂದು ಮೈದುನ ಹೇಳಿದರೆ ಆಕೆ ಏನನ್ನು ತೋರಿಸಬೇಕು? ಯತೀಮ್ ಮಕ್ಕಳ ಹಕ್ಕು ನಮ್ಮ ಉದಾಸೀನದಿಂದಲೇ ನಷ್ಟವಾಗುತ್ತದೆ.

ಇದಕ್ಕೆ ದೇಶದ ಕಾನೂನಿನಲ್ಲಿ ದಾರಿಯಿದೆ. 1996ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯ್ದೆಯ ಪ್ರಕಾರ ಹಣ, ವ್ಯಾಪಾರದಂತಹ ಸಿವಿಲ್ ವಿವಾದಗಳನ್ನು ಉಭಯ ಪಕ್ಷಗಳು ಸಮ್ಮತಿಯಿಂದ ಮಧ್ಯಸ್ಥರಿಗೆ ಒಪ್ಪಿಸಬಹುದು. ಒಪ್ಪಂದ ಲಿಖಿತವಾಗಿರಬೇಕು, ವಿವಾದ ಹುಟ್ಟಿದ ನಂತರವೂ ಅದನ್ನು ಮಾಡಿಕೊಳ್ಳಬಹುದು. ಮಧ್ಯಸ್ಥರ ಸಂಖ್ಯೆ ಸಮಸಂಖ್ಯೆಯಾಗಿರಬಾರದು. ಅವರು ತಮಗಿರುವ ಸಂಬಂಧ, ಹಿತಾಸಕ್ತಿಗಳನ್ನು ಮೊದಲೇ ತಿಳಿಸಬೇಕು, ಇಬ್ಬರಿಗೂ ಸಮಾನ ಅವಕಾಶ ನೀಡಬೇಕು. ತೀರ್ಪು ಬರಹದಲ್ಲಿದ್ದು ಸಹಿಯಾಗಿರಬೇಕು. ಅದನ್ನು ರದ್ದುಪಡಿಸಲು ನ್ಯಾಯಾಲಯಕ್ಕೆ ಹೋಗುವವರಿಗೆ ಸಾಮಾನ್ಯವಾಗಿ 3 ತಿಂಗಳ ಕಾಲಾವಕಾಶವಿದೆ. ಆ ಬಳಿಕ ತೀರ್ಪನ್ನು ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿಗೊಳಿಸಬಹುದು. ಆ ವಿಧವೆಯ ಕೈಯಲ್ಲಿ ಇರಬೇಕಾದದ್ದು ಈ ಕಾಗದವೇ.

ಆದರೆ ನಮ್ಮ ಮಿತಿಯನ್ನೂ ಅರಿಯೋಣ. ಕ್ರಿಮಿನಲ್ ಅಪರಾಧ, ವಿಚ್ಛೇದನ, ಮಕ್ಕಳ ಪಾಲನಾಧಿಕಾರ ಇವು ಖಾಸಗಿ ಮಧ್ಯಸ್ಥಿಕೆಯ ವ್ಯಾಪ್ತಿಗೆ ಸೇರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿತು. ದಾರುಲ್ ಖಝಾಗಳ ಅಸ್ತಿತ್ವ ಕಾನೂನುಬಾಹಿರವಲ್ಲ, ಆದರೆ ಅವುಗಳ ಫತ್ವಾ ಯಾರನ್ನೂ ಕಾನೂನಾತ್ಮಕವಾಗಿ ಬಂಧಿಸದು ಎಂದು 2014ರಲ್ಲಿ ಹೇಳಿತು. ಇದನ್ನು ಅವಮಾನವೆಂದು ಭಾವಿಸಬೇಕಾಗಿಲ್ಲ. ದಂಪತಿಗಳನ್ನು ಒಂದುಗೂಡಿಸಲು ನಾವು ಶ್ರಮಿಸಬಹುದು. ಹೊಡೆತ ತಿಂದ ಮಗಳಿಗೆ ಪೊಲೀಸ್ ಠಾಣೆಯ ದಾರಿಯನ್ನು ತಡೆಯುವುದು ಮಾತ್ರ ಸಂಧಾನವಲ್ಲ, ಅದು ಅನ್ಯಾಯ.

ಆದ್ದರಿಂದ ಪ್ರತಿ ಜಮಾಅತ್‌ನಲ್ಲೂ ಒಂದು ದಾಖಲೆ ಪುಸ್ತಕವಿರಲಿ. ವಕೀಲರೊಬ್ಬರ ಸಲಹೆಯಿರಲಿ. ಮಹಿಳೆಯ ಮಾತನ್ನು ಆಕೆಯ ಬಾಯಿಂದಲೇ ಕೇಳುವ ವ್ಯವಸ್ಥೆಯಿರಲಿ. ನ್ಯಾಯದ ಮೇಲೆ ಅಚಲವಾಗಿ ನಿಲ್ಲುವ ಸಾಮರ್ಥ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ, ಆಮೀನ್.