ಅಂಗನವಾಡಿಯನ್ನು ತೂಗುವ ತಕ್ಕಡಿ ಯಾರ ಕೈಯಲ್ಲಿ?

(ಕುಂದಾಪುರದಲ್ಲಿ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆ ಬೀಳದಿದ್ದರೆ ದಂಡ ತೆರಬೇಕಾಗುತ್ತದೆಂಬುದು ತಮಗೆಲ್ಲ ಗೊತ್ತು. ಅಕ್ಕಿ ಮಾರುವವನು ತಾನೇ ತೂಗಿ, ತೂಕ ಸರಿಯಿದೆಯೆಂದು ತಾನೇ ಸರ್ಟಿಫಿಕೇಟು ಬರೆದುಕೊಂಡರೆ ಗಿರಾಕಿ ಒಪ್ಪುವನೇ? ಆದರೆ ನಮ್ಮ ತೆರಿಗೆಯ ಹಣದಿಂದ ನಡೆಯುವ ಅಂಗನವಾಡಿ ಸರಿಯಾಗಿ ನಡೆಯುತ್ತಿದೆಯೇ ಎಂದು ಕೇಳಿದರೆ, ಅದನ್ನು ನಡೆಸುವ ಇಲಾಖೆಯೇ ತನ್ನ ಲೆಕ್ಕವನ್ನು ತೆಗೆದು ನಮ್ಮ ಮುಂದಿಡುತ್ತದೆ. ಇಂದು ನಾವು ಮಾತಾಡಬೇಕೆಂದಿರುವುದು ಈ ವಿಷಯ.

ಈ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾಯಿತು; ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ. ಆರು ವರ್ಷದೊಳಗಿನ ಮಕ್ಕಳಿಗೆ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಅಕ್ಷರಕ್ಕೆ ಮುಂಚಿನ ಕಲಿಕೆ. ಬಸುರಿ ಬಾಣಂತಿಯರಿಗೂ ಆಹಾರ. ವರ್ಷಕ್ಕೆ 300 ದಿನ ಆಹಾರ ಕೊಡಬೇಕೆಂಬುದು ನಿಯಮ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಅದು ಹಕ್ಕು.

ಈಗ ಅಳೆಯುವ ಬಗೆ ನೋಡಿರಿ. 2021ರ ಮಾರ್ಚಿನಿಂದ ಪೋಷಣ್ ಟ್ರ್ಯಾಕರ್ ಎಂಬ ವ್ಯವಸ್ಥೆ ಬಂದಿದೆ. ಹೆಸರು ಬರೆದದ್ದೆಷ್ಟು, ತೂಗಿದ್ದೆಷ್ಟು, ಹಂಚಿದ್ದೆಷ್ಟು, ಎಲ್ಲವನ್ನೂ ಕಾರ್ಯಕರ್ತೆ ಮೊಬೈಲಿಗೆ ತುಂಬಬೇಕು. ಹಂಚಿದ್ದು ಎಷ್ಟೆಂಬುದಕ್ಕೆ ಕಲಮು ಇದೆ. ಬೇಯಿಸಿದ್ದನ್ನು ಮಗು ಉಂಡಿತೇ, ಇಲ್ಲ ಬಾಯಿಗಿಟ್ಟು ಉಗುಳಿತೇ ಎಂಬುದು ಆ ಲೆಕ್ಕದಲ್ಲಿ ಎಲ್ಲಿ ಕಾಣುತ್ತದೆ? ಗೇರುಬೀಜದ ಕಾರ್ಖಾನೆಗೆ ಹೋಗುವ ತಾಯಿ ಬೆಳಿಗ್ಗೆ ಮನೆ ಬಿಡುವ ಹೊತ್ತಿಗೆ ಅಂಗನವಾಡಿಯ ಬಾಗಿಲೇ ತೆರೆದಿರುವುದಿಲ್ಲ. ಆ ಮಗುವನ್ನು ಕರೆತರುವವರು ಯಾರು? ಮನೆಯ ಅಜ್ಜಿ ಗಟ್ಟಿಮುಟ್ಟಾಗಿದ್ದರೆ ಸರಿ. ಇಲ್ಲದಿದ್ದರೆ ಮಗು ಗೈರುಹಾಜರು ಎಂದು ಬರೆದುಕೊಂಡರೆ ಇಲಾಖೆಯ ಕೆಲಸ ಮುಗಿಯಿತು.

2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಹೆಂಗಸರು ಕೇಂದ್ರಕ್ಕೇ ಬಂದು ಮಧ್ಯಾಹ್ನದ ಊಟ ಮಾಡಬೇಕೆಂದು ಗೊತ್ತುಮಾಡಿದರು. ಮನೆಗೆ ಮನೆ ತಾಗಿರುವ ಬಯಲುಸೀಮೆಯ ಊರಿಗೆ ಇದು ಒಪ್ಪೀತು. ನಮ್ಮ ಕಡೆ ಗುಡ್ಡಕ್ಕೊಂದು, ತೋಟಕ್ಕೊಂದು ಮನೆ. ಆಷಾಢದ ಮಳೆಯಲ್ಲಿ ತುಂಬಿದ ಬಸುರಿ ತೋಡು ದಾಟಿ ಹೋಗಿ ಉಂಡು ಬರುವಳೇ? ಬೈಂದೂರು ತಾಲೂಕಿನಲ್ಲಿ 2022ರ ಮಳೆಗಾಲದಲ್ಲಿ ಶಾಲೆಯಿಂದ ಮರಳುತ್ತಿದ್ದ ಮಗುವೊಂದು ಕಾಲುಸಂಕದಿಂದ ನೀರಿಗೆ ಬಿದ್ದು ಸತ್ತದ್ದನ್ನು ನಾವು ಮರೆತಿಲ್ಲ. ಮನೆಗೂ ಕೇಂದ್ರಕ್ಕೂ ನಡುವೆ ಎಷ್ಟು ದೂರ, ನಡುವೆ ಸಂಕ ಎಂಥದು ಎಂಬುದೂ ಸೇವೆಯ ಅಳತೆಗೆ ಸೇರಬೇಕು.

ಇನ್ನು ಸರಾಸರಿಯ ಮಾತು. 1963ರಲ್ಲಿ ಲೋಕಸಭೆಯಲ್ಲಿ ಡಾ. ಲೋಹಿಯಾ ಅವರು, ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದರು. ಪ್ರಧಾನಿ ನೆಹರೂ ಹದಿನೈದಾಣೆ ಎಂದರು. ಶ್ರೀಮಂತರ ಗಳಿಕೆಯನ್ನೂ ಕೂಡಿಸಿ ಭಾಗಿಸಿದರೆ ಬಡವನ ಆಣೆಯೂ ಕಾಗದದ ಮೇಲೆ ಬೆಳೆಯುತ್ತದೆ. ನಮ್ಮ ಉಡುಪಿ ಜಿಲ್ಲೆಗೂ ಇದೇ ಅಪಾಯ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 86. ಮುಂದುವರಿದ ಜಿಲ್ಲೆಯೆಂಬ ಹೆಸರು ನಮಗುಂಟು, ಸಂತೋಷವೇ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳು ಜಿಲ್ಲೆಗೆ ಬಂದು ನಿಲ್ಲುತ್ತವೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಎಂದು ತಾಲೂಕುಗಳಾದರೂ ಅವುಗಳ ಕಥೆ ಬೇರೆಯಾಗಿ ತಿಳಿಯದು. ಕೊರಗರ ಕಾಲನಿಯ ಮಗು, ಗಂಗೊಳ್ಳಿಯ ಮೀನುಗಾರರ ಕೇರಿಯ ಮಗು, ಪೇಟೆಯ ವಕೀಲರ ಮಗು ಎಲ್ಲರೂ ಒಂದೇ ಅಂಕಿಯೊಳಗೆ. ಆದುದರಿಂದ ಕೇರಿವಾರು ಲೆಕ್ಕ ಬೇಕು.

ಇಷ್ಟು ಹೇಳಿದ ಕೂಡಲೇ ಕೆಲವರು ಕಾರ್ಯಕರ್ತೆಯ ಮೇಲೆ ಹರಿಹಾಯುತ್ತಾರೆ. ಅದನ್ನು ನಾವು ಒಪ್ಪುವುದಿಲ್ಲ. 2018ರಲ್ಲಿ ಕೇಂದ್ರವು ಅವಳಿಗೆ ಗೊತ್ತುಮಾಡಿದ್ದು ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250; ಉಳಿದದ್ದು ರಾಜ್ಯ ಸೇರಿಸಬೇಕು. ಅದಕ್ಕೆ ಹೆಸರೂ ಸಂಬಳವಲ್ಲ, ಗೌರವಧನವಂತೆ! ಗ್ರಾಚ್ಯುಟಿ ಅವರಿಗೂ ಸಲ್ಲಬೇಕೆಂದು ಹೇಳಿಸಿಕೊಳ್ಳಲು 2022ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಮೊಬೈಲು ಹಿಡಿದವಳು ಅಂಕಿ ತುಂಬುವಳೇ, ಮಗುವಿಗೆ ಉಣಿಸುವಳೇ? ಅಂಕಿ ಕಡಿಮೆಯಾದರೆ ನೋಟೀಸು ಬರುತ್ತದೆಂದಾದರೆ ಅಂಕಿ ತಾನಾಗಿ ಹೆಚ್ಚುತ್ತದೆ. ಮಗುವಿನ ತೂಕ ಹೆಚ್ಚುವುದಿಲ್ಲ.

ನಡೆಸುವವರು ಬೇರೆ, ಅಳೆಯುವವರು ಬೇರೆ ಇರಬೇಕೆಂಬುದು ಹೊಸ ಮಾತಲ್ಲ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಹೊರಟಾಗಲೇ ಅದರ ಮೌಲ್ಯಮಾಪನಕ್ಕೆಂದು ಯೋಜನಾ ಆಯೋಗದಡಿ ಪ್ರತ್ಯೇಕ ಸಂಘಟನೆಯನ್ನು ಕಟ್ಟಿದರು. 1957ರಲ್ಲಿ ಬಲವಂತರಾಯ್ ಮೆಹತಾ ಸಮಿತಿ, ಈ ಯೋಜನೆಯು ಜನರ ಸ್ವಂತ ಉತ್ಸಾಹವನ್ನು ಎಬ್ಬಿಸಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಬರೆಯಿತು. ಪಂಚಾಯತಿಗಳ ಕೈಗೆ ಅಧಿಕಾರ ಕೊಡಿರೆಂದದ್ದೂ ಅದೇ ಸಮಿತಿ. ಇಂದು ನಮ್ಮ ಕೈಯಲ್ಲಿ ಕಾಯ್ದೆಯೇ ಇದೆ. ಆಹಾರ ಭದ್ರತಾ ಕಾಯ್ದೆಯ 28ನೇ ಕಲಮಿನ ಪ್ರಕಾರ ಸ್ಥಳೀಯ ಸಂಸ್ಥೆಯೋ ಸರಕಾರ ಅಧಿಕಾರ ಕೊಟ್ಟ ಬೇರೆ ಸಂಸ್ಥೆಯೋ ನ್ಯಾಯಬೆಲೆ ಅಂಗಡಿಯನ್ನೂ ಇತರ ಕಲ್ಯಾಣ ಯೋಜನೆಗಳನ್ನೂ ಕಾಲಕಾಲಕ್ಕೆ ಸಾಮಾಜಿಕ ತನಿಖೆಗೆ ಒಳಪಡಿಸಿ, ಕಂಡದ್ದನ್ನು ಪ್ರಕಟಿಸಬೇಕು.

ಆದ್ದರಿಂದ ಮುಂದಿನ ಗ್ರಾಮಸಭೆಗೆ ಪ್ರತಿ ಕೇರಿಯಿಂದ ಇಬ್ಬರಾದರೂ ತಾಯಂದಿರು ಬರುವಂತೆ ಗಿರಣಿಯ ಸಂಗಾತಿಗಳು ನೋಡಿಕೊಳ್ಳಬೇಕು. ಕಳೆದ ತಿಂಗಳು ಎಷ್ಟು ದಿನ ಒಲೆ ಉರಿಯಿತು, ಮೊಟ್ಟೆ ಎಷ್ಟು ಬಂತು, ತೂಕ ಕುಂದಿದ ಮಕ್ಕಳು ಯಾವ ಕೇರಿಯವರು, ಅವರಿಗಾಗಿ ಯಾರು ಏನು ಮಾಡಿದರು ಎಂದು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಬೇಕು. ಮಕ್ಕಳ ಹೆಸರು ಕೂಗುವುದು ಬೇಡ, ಕೇರಿಯ ಲೆಕ್ಕ ಸಾಕು. ಅಂಗಡಿಕಾರ ಬಂಧುಗಳಿಗೆ ಒಂದೇ ಕೆಲಸ: ಮುದ್ರೆ ಬಿದ್ದ ಐದು ಕಿಲೋ ತೂಕದ ಕಲ್ಲೊಂದನ್ನು ಅಂಗನವಾಡಿಗೆ ಒಯ್ದು, ಅಲ್ಲಿಯ ತಕ್ಕಡಿಯ ಮೇಲಿಟ್ಟು ಎಷ್ಟು ತೋರಿಸುತ್ತದೆಂದು ನೋಡಿ ಬನ್ನಿ.